ಶನಿವಾರದ ಪ್ರಶ್ನೋತ್ತರ: ಶುಗರ್ ಗ್ಲೈಡರ್ ಬಗ್ಗೆ ಡಾಕ್ಟರ್ ಮೇಡಂ ಹತ್ತಿರ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಯಾರೋ ಅಂಗೈ ಮೇಲೆ ಕೂತ ಶುಗರ್ ಗ್ಲೈಡರ್ ಮರಿಯ ವಿಡಿಯೊ ಹಾಕಿದರು. ಅವತ್ತಿನಿಂದ ನನ್ನ ಇನ್‌ಬಾಕ್ಸ್‌ಗೆ ಬಿಡುವಿಲ್ಲ. ಮೆಲ್ಬರ್ನ್‌ನಲ್ಲಿ ಕಾಡುಪ್ರಾಣಿ, ಸಣ್ಣ ಸಾಕುಪ್ರಾಣಿ ನೋಡುವ ನಮ್ಮ ಹಾಸನದ ಡಾಕ್ಟರ್ ಮೇಡಂ ಇವತ್ತು ರಾತ್ರಿ ಉತ್ತರ ಕೊಡುತ್ತಾರೆ. ನಿಯಮ ಮೂರೇ ಮೂರು. ಕೇಳುವ ಮುಂಚೆ ಮೇಲಿನದು ಓದಿ. ಫಾರ್ವರ್ಡ್ ಹಾಕಬೇಡಿ. ಜಗಳ ಬೇಡ.

ಡಾಕ್ಟರ್: ನಮಸ್ಕಾರ. ಶುರು ಮಾಡುವ ಮುಂಚೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಅಳಿಲಲ್ಲ, ಇಲಿಯೂ ಅಲ್ಲ. ಕಾಂಗರೂ ಕಡೆಯ ನೆಂಟ, ಹೊಟ್ಟೆಯಲ್ಲಿ ಚೀಲ ಇರುವ ಪ್ರಾಣಿ. ಆಸ್ಟ್ರೇಲಿಯಾ, ನ್ಯೂಗಿನಿ ಕಾಡಿನದು. ತೂಕ 100ರಿಂದ 160 ಗ್ರಾಂ, ಒಂದು ಈರುಳ್ಳಿಯಷ್ಟು. ಮುಂಗಾಲಿನ ಕಿರುಬೆರಳಿನಿಂದ ಹಿಂಗಾಲಿನ ಹೆಬ್ಬೆರಳಿನವರೆಗೆ ಚರ್ಮದ ಪೊರೆ ಇದೆ. ಅದನ್ನು ಬಿಚ್ಚಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ 50 ಮೀಟರ್‌ವರೆಗೂ ತೇಲುತ್ತದೆ. ಹಗಲೆಲ್ಲ ಪೊಟರೆಯಲ್ಲಿ ನಿದ್ದೆ, ರಾತ್ರಿಯೆಲ್ಲ ಓಡಾಟ. ಕಾಡಿನಲ್ಲಿ ಗುಂಪಾಗಿ ಮಲಗುತ್ತದೆ. ಆದ್ದರಿಂದ ಒಂಟಿಯಾಗಿ ಸಾಕಬೇಡಿ. ಇದನ್ನು ಇವತ್ತು ಒಂದೇ ಸಲ ಹೇಳುತ್ತೇನೆ.

ಬಸವನಗುಡಿ ಬಾಯ್: ಮೇಡಂ, ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ರೇಟ್ ಎಷ್ಟು?

ಡಾಕ್ಟರ್: ನಾನು ಮಾರುವವಳಲ್ಲಪ್ಪ.

ಬೆಣ್ಣೆದೋಸೆ ಡಲ್ಲಾಸ್: ಮೇಡಂ, ತುಂಬಾ ಗಾಬರಿಯಾಗಿದೆ. ನಮ್ಮ ಚಿನ್ನಿಗೆ ಒಂದೂವರೆ ವರ್ಷ. ಮಗಳ ಹುಟ್ಟುಹಬ್ಬಕ್ಕೆ ತಂದಿದ್ದು, ಒಂದೇ ಇದೆ. ನಾಲ್ಕು ದಿನದಿಂದ ಪಂಜರ ಹತ್ತುತ್ತಿರಲಿಲ್ಲ. ಚಳಿಗಿರಬೇಕು, ಎಸಿ ಜಾಸ್ತಿಯಾಯಿತು ಅಂದುಕೊಂಡೆವು. ಈಗ ಬೆಳಗ್ಗೆ ಎದ್ದು ನೋಡಿದರೆ ಹಿಂದಿನ ಎರಡೂ ಕಾಲು ಎಳೆದುಕೊಂಡು ಹೋಗುತ್ತಿದೆ. ಮುಂದಿನ ಕೈ ಸಣ್ಣಗೆ ನಡುಗುತ್ತೆ. ತಿನ್ನಲು ಸೇಬು, ಬಾಳೆಹಣ್ಣು, ದ್ರಾಕ್ಷಿ, ಸ್ವಲ್ಪ ಜೇನು, ವಾರಕ್ಕೆ ಎರಡು ಸಲ ಒಣಹುಳ. ಗೆಳತಿ ಒಂದು ಫಾರ್ವರ್ಡ್ ಕಳಿಸಿದಳು. ಗೋಧಿಕಾಳಿನಷ್ಟು ಸುಣ್ಣ ನೀರಲ್ಲಿ ಕದಡಿ ಕುಡಿಸಿದರೆ ಕಾಲಿಗೆ ಶಕ್ತಿ ಬರುತ್ತಂತೆ. ಕೊಡಬಹುದಾ?

ಡಾಕ್ಟರ್: ಕೊಡಬೇಡಿ. ಕೊಟ್ಟಾಗಿದೆಯಾ? ಮೊದಲು ಅದು ಹೇಳಿ.

ಬೆಣ್ಣೆದೋಸೆ ಡಲ್ಲಾಸ್: ಇನ್ನೂ ಇಲ್ಲ ಮೇಡಂ.

ಡಾಕ್ಟರ್: ಸರಿ. ಇದನ್ನು ಓದಿ, ಆಮೇಲೆ ಕಾರು ತೆಗೆಯಿರಿ.

ನೀವು ಬರೆದದ್ದು ನೋಡಿದರೆ ಮೊದಲ ಅನುಮಾನ ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಸವೆದಿದೆ ಅಂತ. ಸಾಕಿದ ಗ್ಲೈಡರ್‌ಗಳಲ್ಲಿ ಇದು ಹಳೇ ಕಥೆ. ಹೃದಯ ಬಡಿಯಬೇಕಾದರೆ, ಸ್ನಾಯು ಕೆಲಸ ಮಾಡಬೇಕಾದರೆ ರಕ್ತದಲ್ಲಿ ಇಷ್ಟು ಅಂತ ಕ್ಯಾಲ್ಸಿಯಂ ಇರಲೇಬೇಕು. ಊಟದಲ್ಲಿ ಬರದಿದ್ದರೆ ದೇಹ ಅದನ್ನು ಮೂಳೆಯಿಂದ ಕೀಳುತ್ತದೆ. ಸೌದೆ ಇಲ್ಲ ಅಂತ ಸೂರಿನ ತೊಲೆಯನ್ನೇ ಕಿತ್ತು ಒಲೆಗೆ ಹಾಕಿದ ಹಾಗೆ. ತಿಂಗಳುಗಟ್ಟಲೆ ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ಪ್ರಾಣಿ ದುಂಡಗೆ, ಚೆಂದವಾಗಿಯೇ ಇರುತ್ತದೆ. ಒಂದು ದಿನ ಹಿಂಗಾಲು ಬಿದ್ದುಹೋಗುತ್ತದೆ.

ಊಟದಲ್ಲಿ ರಂಜಕಕ್ಕಿಂತ (ಫಾಸ್ಫರಸ್) ಕ್ಯಾಲ್ಸಿಯಂ ಜಾಸ್ತಿ ಇರಬೇಕು, ಹೆಚ್ಚುಕಮ್ಮಿ ಎರಡಕ್ಕೆ ಒಂದು. ಬಾಳೆಹಣ್ಣಿನಲ್ಲಿ ಇದು ತಿರುಗಾಮುರುಗಾ, ರಂಜಕವೇ ನಾಲ್ಕು ಪಟ್ಟು. ಸೇಬಿನಲ್ಲಿ ಎರಡೂ ಅಷ್ಟಕ್ಕಷ್ಟೆ. ಒಣಹುಳದಲ್ಲಿ ರಂಜಕ ಹತ್ತು ಪಟ್ಟಿನ ಆಸುಪಾಸು. ನೀವು ಪ್ರೀತಿಯಿಂದಲೇ ಕೊಟ್ಟಿದ್ದೀರಿ, ಗೊತ್ತು. ಆದರೆ ಒಂದೂವರೆ ವರ್ಷ ಅದು ತನ್ನ ಮೂಳೆಯನ್ನೇ ತಿಂದುಕೊಂಡು ಬದುಕಿದೆ.

ಕಾಲಿಗಿಂತ ನನಗೆ ಆ ನಡುಕದ್ದೇ ಚಿಂತೆ. ರಕ್ತದಲ್ಲೂ ಕ್ಯಾಲ್ಸಿಯಂ ಇಳಿಯುತ್ತಿದೆ ಅಂತ ಅರ್ಥ ಇರಬಹುದು. ಅದರ ಮುಂದಿನ ಹೆಜ್ಜೆ ಫಿಟ್ಸ್. ಹಾಗಾಗಿ ಸೋಮವಾರ ಅಲ್ಲ, ಇವತ್ತೇ.

ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿದ್ದರೂ ಹೀಗೇ ಕಾಣುತ್ತದೆ. ಸವೆದ ಮೂಳೆ ಬೀಳದೆಯೂ ಮುರಿಯುತ್ತದೆ. ಎಕ್ಸ್‌ರೇ ಇಲ್ಲದೆ ಯಾರೂ ಹೇಳಲಾರರು, ನಾನೂ ಅಷ್ಟೆ. ಸಣ್ಣ ಡಬ್ಬಿಗೆ ಮೆತ್ತನೆ ಬಟ್ಟೆ ಹಾಕಿ ಕರೆದೊಯ್ಯಿರಿ. ಹತ್ತಲು ಏನೂ ಇರಬಾರದು. ಬಾಲ ಹಿಡಿದು ಎತ್ತಬೇಡಿ. ನಾಯಿ ಬೆಕ್ಕು ಮಾತ್ರ ನೋಡುವ ಕಡೆ ಹೋಗಿ ಸಮಯ ಕಳೆಯಬೇಡಿ. ಮೊದಲು ಫೋನ್ ಮಾಡಿ "ಗ್ಲೈಡರ್ ನೋಡುತ್ತೀರಾ" ಅಂತ ಕೇಳಿ. ಮೂತಿಗೆ ಮಾಸ್ಕ್ ಇಟ್ಟು ಗ್ಯಾಸ್ ಕೊಟ್ಟು ಮಲಗಿಸಿ ಪರೀಕ್ಷೆ ಮಾಡಬಹುದು. ಹೆದರಬೇಡಿ, ಒದ್ದಾಡಿಸಿ ಮೂಳೆ ಮುರಿಯುವುದಕ್ಕಿಂತ ಅದೇ ವಾಸಿ. ಕ್ಯಾಲ್ಸಿಯಂ ಇಂಜೆಕ್ಷನ್, ವಿಟಮಿನ್ ಡಿ3 ಅವರು ತೂಕ ನೋಡಿ ಕೊಡುತ್ತಾರೆ. ಆಮೇಲೆ ವಾರಗಟ್ಟಲೆ ಗಿಡ್ಡ ಪಂಜರ, ಊಟ ನೀರು ಎಲ್ಲ ನೆಲದ ಮೇಲೆ. ಬೇಗ ಹಿಡಿದರೆ ಮತ್ತೆ ನಡೆದದ್ದೂ ಉಂಟು. ಎಲ್ಲವೂ ನಡೆಯುವುದಿಲ್ಲ.

ಇನ್ನು ಸುಣ್ಣ. ಎಲೆಅಡಿಕೆಯ ಸುಣ್ಣ ಕ್ಷಾರ. ಜಾಸ್ತಿಯಾದರೆ ನಿಮ್ಮ ಬಾಯೇ ಬೆಂದುಹೋಗುತ್ತದೆ, ಗೊತ್ತಲ್ಲ? 60 ಕೆಜಿ ಮನುಷ್ಯನಿಗೂ 100 ಗ್ರಾಂ ಪ್ರಾಣಿಗೂ 600 ಪಟ್ಟು ವ್ಯತ್ಯಾಸ. ನಿಮ್ಮ ಒಂದು ಗೋಧಿಕಾಳು ಅದಕ್ಕೆ 600 ಗೋಧಿಕಾಳು, ಒಂದು ಹಿಡಿ. ಫಾರ್ವರ್ಡ್ ಬರೆದ ಪುಣ್ಯಾತ್ಮ ಒಂದು ಹಿಡಿ ಸುಣ್ಣ ತಿಂದು ತೋರಿಸಲಿ.

ಬೆಣ್ಣೆದೋಸೆ ಡಲ್ಲಾಸ್: ಹೊರಟೆವು ಮೇಡಂ. ಮಗಳು ಅಳುತ್ತಿದ್ದಾಳೆ.

ತುಮಕೂರು ಹಿರಿಯರು: ಡಾಕ್ಟರ್ ಅವರೇ, ಕ್ಷಮಿಸಿ. ಸುಣ್ಣ ನಮ್ಮ ಹಿರಿಯರ ಔಷಧಿ. ನನ್ನ ಮಂಡಿನೋವು ಅದರಿಂದಲೇ ಹೋಯಿತು. ಈಗಿನವರಿಗೆ ಎಲ್ಲದಕ್ಕೂ ಇಂಜೆಕ್ಷನ್ನೇ ಬೇಕು.

ಡಾಕ್ಟರ್: ಸಂತೋಷ ಸರ್. ನಿಮ್ಮ ಮಂಡಿ ನಿಮ್ಮದು.

ತುಮಕೂರು ಹಿರಿಯರು: ಹೋಗಲಿ, ರಾಗಿ ಅಂಬಲಿಯಾದರೂ ಕೊಡಬಹುದಲ್ಲ? ರಾಗಿಯಲ್ಲಿ ಇರುವಷ್ಟು ಕ್ಯಾಲ್ಸಿಯಂ ಯಾವ ಧಾನ್ಯದಲ್ಲಿದೆ?

ಡಾಕ್ಟರ್: ಇದು ನ್ಯಾಯವಾದ ಪ್ರಶ್ನೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರಲ್ಲಿರುವ ಫೈಟೇಟ್ ಅನ್ನುವ ವಸ್ತು ಆ ಕ್ಯಾಲ್ಸಿಯಂ ಮೈಗೆ ಹತ್ತದ ಹಾಗೆ ಕಟ್ಟಿಹಾಕುತ್ತದೆ. ಅದೂ ಅಲ್ಲದೆ ಈ ಪ್ರಾಣಿಯ ಹೊಟ್ಟೆ ಹಿಟ್ಟಿಗೆ ಆದದ್ದಲ್ಲ. ಕಾಡಿನಲ್ಲಿ ಅದು ಜಾಲಿ ಜಾತಿಯ ಮರದ ಅಂಟು, ನೀಲಗಿರಿ ಮರದ ರಸ, ಮಕರಂದ, ಪರಾಗ, ಹುಳಹುಪ್ಪಟೆ ತಿನ್ನುತ್ತದೆ. ಕೆಳಗಿನ ಮುಂದಿನ ಎರಡು ಹಲ್ಲು ಉಳಿಯಂತೆ ಮುಂದಕ್ಕೆ ಚಾಚಿಕೊಂಡಿವೆ. ಅದರಿಂದ ತೊಗಟೆ ಕೆತ್ತಿ ಗಾಯ ಮಾಡುತ್ತದೆ, ಅಲ್ಲಿ ಜಿನುಗಿದ್ದನ್ನು ನೆಕ್ಕುತ್ತದೆ. ಆ ಅಂಟನ್ನು ಹುದುಗಿಸಿ ಅರಗಿಸಲು ಕರುಳಿನಲ್ಲಿ ಒಂದು ದೊಡ್ಡ ಚೀಲವೇ ಇದೆ. ರಾಗಿಮುದ್ದೆ ನಮಗಿರಲಿ.

ಹ್ಯೂಸ್ಟನ್ ಹಾವೇರಿ: ಮೇಡಂ, ನಮ್ಮ ಗಂಡು ಗ್ಲೈಡರ್‌ನ ನೆತ್ತಿಯ ಮೇಲೆ ಕೂದಲು ಉದುರಿ ವಜ್ರದ ಆಕಾರದ ಬೋಳು ಆಗಿದೆ. ಹುಳಕಡ್ಡಿ ಅಂತ ಅನುಮಾನ. ಬೇವಿನೆಣ್ಣೆ ಹಚ್ಚುತ್ತಿದ್ದೇನೆ.

ಡಾಕ್ಟರ್: ಹಚ್ಚುವುದು ನಿಲ್ಲಿಸಿ. ಅದು ರೋಗವಲ್ಲ, ಪ್ರಾಯ. ವಯಸ್ಸಿಗೆ ಬಂದ ಗಂಡಿನ ನೆತ್ತಿಯಲ್ಲಿ ವಾಸನೆಯ ಗ್ರಂಥಿ ಇರುತ್ತದೆ, ಎದೆಯ ಮೇಲೆ ಇನ್ನೊಂದು. ತಲೆಯನ್ನು ಗುಂಪಿನ ಬೇರೆಯವಕ್ಕೆ ಉಜ್ಜಿ "ಇವರೆಲ್ಲ ನಮ್ಮವರು" ಅಂತ ಗುರುತು ಹಾಕುತ್ತದೆ. ಆ ವಾಸನೆ ಇಲ್ಲದವನು ಬಂದರೆ ಹೊಡೆದಾಟ. ನೀವು ಅದರ ಮೇಲೆ ಬೇವಿನೆಣ್ಣೆ ಬಳಿದರೆ ಮನೆಯವರಿಗೇ ಅದರ ಗುರುತು ಸಿಗಲ್ಲ.

ಫ್ರೀಮಾಂಟ್ ಟೆಕ್ಕಿ: ನಾನು ಕ್ಯಾಲಿಫೋರ್ನಿಯಾ. ಪಕ್ಕದ ನೆವಾಡಾದಿಂದ ಒಂದು ತಂದುಕೊಳ್ಳಬಹುದಾ? ಯಾರಿಗೂ ಗೊತ್ತಾಗಲ್ಲ.

ಡಾಕ್ಟರ್: ಕ್ಯಾಲಿಫೋರ್ನಿಯಾದಲ್ಲಿ ಸಾಕುವುದೇ ಕಾನೂನುಬಾಹಿರ. ಹವಾಯಿ, ಅಲಾಸ್ಕಾದಲ್ಲೂ. ಈಗ ಈ ಗುಂಪಿನ ಎಲ್ಲರಿಗೂ ಗೊತ್ತಾಯಿತಲ್ಲ.

ಶಿರಸಿ ಮಾಣಿ: ಅಕ್ಕಾ, ಇದರಲ್ಲಿ ಹೊಸದೇನಿದೆ? ನಮ್ಮ ಅಡಿಕೆ ತೋಟದ ಮೇಲಿನ ಬೆಟ್ಟದಲ್ಲಿ ಹಾರುಬೆಕ್ಕು ಉಂಟು. ಸಂಜೆ ಕತ್ತಲಾಗುತ್ತಿದ್ದ ಹಾಗೆ ಈ ಮರದಿಂದ ಆ ಮರಕ್ಕೆ ಹೋಗುತ್ತದೆ. ಅದೇ ಜಾತಿ ಅಲ್ದಾ?

ಪ್ರಾಣಿಪ್ರೇಮಿ ಮೈಸೂರು: ಹಾರುಬೆಕ್ಕು ಅಂದರೆ ಬೆಕ್ಕಲ್ಲ, ಅಳಿಲು. ಗ್ಲೈಡರ್ ಕೂಡ ಅಳಿಲೇ. ಗೂಗಲ್ ಮಾಡಿ.

ಶಿರಸಿ ಮಾಣಿ: ಮಾರಾಯ್ರೆ, ಡಾಕ್ಟ್ರು ಮೊದಲ ಸಾಲಲ್ಲೇ ಅಳಿಲಲ್ಲ ಅಂತ ಬರೆದಿದ್ದಾರೆ. ಗೂಗಲ್ ಮಾಡೋ ಮುಂಚೆ ಮೇಲೆ ಓದಿ.

ಪ್ರಾಣಿಪ್ರೇಮಿ ಮೈಸೂರು: ಆಕಾರ ಒಂದೇ, ಪೊರೆ ಒಂದೇ, ಹಾರುವುದೂ ಒಂದೇ. ಮತ್ತೆ ಹೇಗೆ ಬೇರೆ?

ಡಾಕ್ಟರ್: ಬಾವಲಿಗೂ ರೆಕ್ಕೆ ಇದೆ, ಕಾಗೆಗೂ ಇದೆ. ನೆಂಟರಾ? ನಿಮ್ಮ ಬೆಟ್ಟದ ಹಾರುಬೆಕ್ಕು ದೊಡ್ಡ ಹಾರುವ ಅಳಿಲು, ಒಂದೂವರೆ ಎರಡು ಕೆಜಿ ತೂಗುತ್ತದೆ. ಅದಕ್ಕೆ ಹೊಟ್ಟೆಚೀಲ ಇಲ್ಲ. ಪೊರೆ ಬಿಗಿಯಾಗಿ ನಿಲ್ಲಲು ಅದರ ಮಣಿಕಟ್ಟಿನಿಂದ ಮೃದ್ವಸ್ಥಿಯ ಒಂದು ಕಡ್ಡಿ ಹೊರಟಿರುತ್ತದೆ, ಕೊಡೆಯ ಕಡ್ಡಿಯ ಹಾಗೆ. ಗ್ಲೈಡರ್‌ಗೆ ಆ ಕಡ್ಡಿ ಇಲ್ಲ, ಪೊರೆ ನೇರ ಬೆರಳಿಗೇ ಅಂಟಿದೆ. ಮಲೆನಾಡಿನ ಹಾರುವ ಓತಿಯಂತೂ ಪಕ್ಕೆಲುಬನ್ನೇ ಚಾಚಿ ತೇಲುತ್ತದೆ. ಎತ್ತರದ ಮರಗಳ ನಡುವೆ ಬದುಕಬೇಕಾದ ಮೂವರು ಮೂರು ದಾರಿಯಲ್ಲಿ ಅದೇ ವಿದ್ಯೆ ಕಲಿತಿದ್ದಾರೆ. ಹಲ್ಲೂ ಬೇರೆ. ಅಳಿಲಿನ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಗ್ಲೈಡರ್‌ದು ಬೆಳೆಯುವುದಿಲ್ಲ. ಹಾಗಾಗಿ ಹಲ್ಲು ಉದ್ದವಾಯಿತು ಅಂತ ಯಾರೂ ಉಗುರುಕತ್ತರಿ ತರಬೇಡಿ. ಕತ್ತರಿಸಿದ ಹಲ್ಲನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಯಾರಾದರೂ ಹಾರುಬೆಕ್ಕಿನ ಮರಿ ತಂದು ಗ್ಲೈಡರ್ ಅಂತ ಕೊಟ್ಟರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಿಕ್ಕಿಬೀಳುವುದು ನೀವೂ ಹೌದು.

ಬಸವನಗುಡಿ ಬಾಯ್: ಹಾಗಾದರೆ ಒರಿಜಿನಲ್ ಎಲ್ಲಿ ಸಿಗುತ್ತೆ ಮೇಡಂ?

ಆಸ್ಟಿನ್ ಅಮ್ಮ: ಮೇಡಂ, ನಮ್ಮದು ಜೋಡಿ ಇದೆ. ಹೆಣ್ಣಿನ ಹೊಟ್ಟೆಯ ಮೇಲೆ ಕಡಲೆಕಾಯಿಯಂಥ ಉಬ್ಬು ಬಂದಿದೆ. ಎರಡು ವಾರದ ಹಿಂದೆ ಇರಲಿಲ್ಲ. ಗಡ್ಡೆನಾ? ಒತ್ತಿ ನೋಡಿದರೆ ಒಳಗೆ ಏನೋ ಮಿಸುಕಿತು.

ಡಾಕ್ಟರ್: ಒತ್ತಬೇಡಿ! ಅಭಿನಂದನೆ, ಅಜ್ಜಿ ಆಗಿದ್ದೀರಿ.

ಇದರ ಬಸಿರು ಬರೀ 16 ದಿನ. ಹುಟ್ಟುವಾಗ ಮರಿಯ ತೂಕ 0.2 ಗ್ರಾಂ. ಐದು ಮರಿ ಸೇರಿಸಿದರೆ ಒಂದು ಗ್ರಾಂ. ಅಕ್ಕಿಕಾಳು ಗಾತ್ರ, ಕಣ್ಣಿಲ್ಲ, ಕಿವಿಯಿಲ್ಲ, ಹಿಂಗಾಲು ಇನ್ನೂ ಮೊಗ್ಗು. ಆದರೆ ಮುಂದಿನ ಎರಡು ಕೈ ಗಟ್ಟಿ. ತಾಯಿಯ ಮೈಗೂದಲು ಹಿಡಿದುಕೊಂಡು ಈಜಿದ ಹಾಗೆ ತಾನೇ ಚೀಲಕ್ಕೆ ಹತ್ತುತ್ತದೆ. ಅಲ್ಲಿ ಮೊಲೆತೊಟ್ಟು ಬಾಯಿಗೆ ಸಿಕ್ಕಿದರೆ ಆ ತೊಟ್ಟು ಬಾಯೊಳಗೇ ಊದಿಕೊಳ್ಳುತ್ತದೆ. ಬೀಗ ಹಾಕಿದ ಹಾಗೆ. 70 ದಿನ ಒಳಗೇ. ಎಳೆದರೆ ಬಾಯಿ ಹರಿಯುತ್ತದೆ. ಚೀಲ ಬಿಡಿಸಿ ನೋಡುವುದು, ಫೋಟೋ ತೆಗೆಯುವುದು, ಮೊಮ್ಮಕ್ಕಳಿಗೆ ತೋರಿಸುವುದು ಯಾವುದೂ ಬೇಡ. ಹೊರಗೆ ಬಂದ ಮೇಲೂ ಎರಡು ವಾರ ಕಣ್ಣು ಬಿಡುವುದಿಲ್ಲ. ಈ ತಾಯಿಗೆ ಕ್ಯಾಲ್ಸಿಯಂ ಇನ್ನೂ ಜಾಸ್ತಿ ಬೇಕು. ಊಟದಲ್ಲಿ ಹಣ್ಣು ಹತ್ತರಲ್ಲಿ ಒಂದು ಪಾಲು ಸಾಕು. ಮಿಕ್ಕಿದ್ದು ಮಕರಂದದ ಮಿಶ್ರಣ ಮತ್ತು ಪ್ರೋಟೀನ್. ಅಳತೆ ನಿಮ್ಮ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಮತ್ತೆ ಗಂಡಿಗೆ ಆಪರೇಷನ್ ಮಾಡಿಸಿ. ಇಲ್ಲದಿದ್ದರೆ ಅಣ್ಣ ತಂಗಿಯರೇ ಜೋಡಿಯಾಗುತ್ತಾರೆ.

ಆಸ್ಟಿನ್ ಅಮ್ಮ: ಅಯ್ಯೋ ದೇವರೇ. ಮೊನ್ನೆಯೇ ಚೀಲ ಬಿಡಿಸಿ ನೋಡಿದ್ದೆ. ಮಾರಿದವರು ಇದನ್ನೇನೂ ಹೇಳಲಿಲ್ಲ. ಆಸ್ಟ್ರೇಲಿಯಾದಿಂದ ತರಿಸಿದ ಜೋಡಿ ಅಂತ ಮಾತ್ರ ಹೇಳಿದರು.

ಡಾಕ್ಟರ್: ಅದೂ ಸುಳ್ಳೇ. ಆಸ್ಟ್ರೇಲಿಯಾ ಇವನ್ನು ಸಾಕಲು ಹೊರಗೆ ಮಾರುವುದಿಲ್ಲ. ಅಮೆರಿಕದ ಸಾಕು ಗ್ಲೈಡರ್‌ಗಳ ವಂಶವಾಹಿ ನೋಡಿದಾಗ ಮೂಲ ಇಂಡೋನೇಷ್ಯಾದ ಪಶ್ಚಿಮ ಪಪುವಾ ಕಡೆಗೆ ಹೋಗಿ ನಿಂತಿದೆ. ಅದಕ್ಕಿಂತ ತಮಾಷೆ, 2020ರಲ್ಲಿ ಆಸ್ಟ್ರೇಲಿಯಾದ ಒಂದೇ ಗ್ಲೈಡರ್ ಮೂರು ಪ್ರಭೇದವಾಯಿತು. ನಾನು ಇಲ್ಲಿ ವಿಕ್ಟೋರಿಯಾದಲ್ಲಿ ಇಷ್ಟು ವರ್ಷ ಶುಗರ್ ಗ್ಲೈಡರ್ ಅಂತ ಚೀಟಿ ಬರೆದದ್ದೆಲ್ಲ ಈಗ ಆ ಮೂರರಲ್ಲಿ ಒಂದಾದ ಕ್ರೆಫ್ಟ್ ಗ್ಲೈಡರ್.

ಮಂಗಳೂರು ಮೀನೂಟ: ರಾತ್ರಿ ಮೂರು ಗಂಟೆಗೆ ನಾಯಿಮರಿಯ ಹಾಗೆ ಬೊಗಳುತ್ತೆ. ಪಕ್ಕದ ಮನೆಯವರು ಎರಡು ಸಲ ಬಂದು ಹೋದರು. ಏನು ಮಾಡುವುದು?

ಆರ್ಮಿಡೇಲ್ ಪಿಎಚ್‌ಡಿ: ಮೇಡಂ, ನನ್ನದು ಸಾಕಿದ್ದಲ್ಲ, ಕಾಡಿನದು. ನಡೆದದ್ದು ಹೇಳುತ್ತೇನೆ, ತಪ್ಪು ಮಾಡಿದೆನಾ ನೀವೇ ಹೇಳಿ. ಮಂಗಳವಾರ ಇಲ್ಲಿ ಗಾಳಿಮಳೆ. ಮಾರನೇ ದಿನ ಬೆಳಗ್ಗೆ ಹುಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಹಿತ್ತಲಿನ ನೀಲಗಿರಿ ಮರದ ಕೊಂಬೆ ಮುರಿದು, ಅದಕ್ಕೆ ಕಟ್ಟಿದ್ದ ಮರದ ಗೂಡುಪೆಟ್ಟಿಗೆ ಕೆಳಗೆ ಬಿದ್ದಿತ್ತು. ಒಳಗೆ ಒಣಎಲೆ, ಅದರ ನಡುವೆ ಒಂದು ಗ್ಲೈಡರ್. ಬಾಲವನ್ನು ಮೂಗಿನ ಮೇಲೆ ಸುತ್ತಿಕೊಂಡು ಉಂಡೆಯಾಗಿತ್ತು. ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗೆ. ಉಸಿರು ಕಾಣಲಿಲ್ಲ. ಪಾಪ ಸತ್ತಿದೆ ಅಂತ ಪೇಪರ್‌ನಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟು ಗುಂಡಿ ತೋಡಲು ಹೋದೆ. ಅರ್ಧ ತೋಡಿದ್ದೆ. ಪೇಪರ್ ಪರಪರ ಅಂತು. ಗಾಳಿ ಅಂದುಕೊಂಡೆ. ಗಾಳಿ ಇರಲಿಲ್ಲ. ಬಿಚ್ಚಿದರೆ ಇಡೀ ಮೈ ಗಡಗಡ ನಡುಗುತ್ತಿದೆ! ಹೇರ್ ಡ್ರೈಯರ್ ತಂದು ಬಿಸಿಗಾಳಿ ಹಿಡಿದೆ. ಸಕ್ಕರೆ ನೀರು ಹನಿಸಿದೆ. ಸ್ವಲ್ಪ ಹೊತ್ತಿಗೆ ಪರದೆ ಹತ್ತಿ ಕೂತು ನನ್ನ ಮೇಲೆ ಕರ್ರ್ ಅಂತ ರೇಗಿತು. ಕಿಟಕಿ ತೆಗೆದೆ, ಹೋಯಿತು.

ಡಾಕ್ಟರ್: ಅಬ್ಬಾ. ಎಷ್ಟು ಗಂಟೆಗೆ ಸಿಕ್ಕಿತು? ಪೇಪರ್ ಸುತ್ತಿ ಇಟ್ಟಿದ್ದು ಬಿಸಿಲಲ್ಲೋ ನೆರಳಲ್ಲೋ?

ಆರ್ಮಿಡೇಲ್ ಪಿಎಚ್‌ಡಿ: ಏಳೂವರೆಗೆ. ಇಟ್ಟಿದ್ದು ಮೆಟ್ಟಿಲ ಮೇಲೆ, ಬಿಸಿಲು ಬೀಳುವ ಜಾಗ.

ಡಾಕ್ಟರ್: ಹಾಗಾದರೆ ನೀವು ನೋಡಿದ್ದು ಸಾವಲ್ಲ, ಜಡನಿದ್ದೆ. ಇದಕ್ಕೆ ನಾನು ಎಷ್ಟು ಹೊತ್ತು ಬೇಕಾದರೂ ಬರೆಯುತ್ತೇನೆ, ನಾಳೆ ಭಾನುವಾರ.

ನೂರು ಚಿಲ್ಲರೆ ಗ್ರಾಂನ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಬೆಚ್ಚಗಿರಬೇಕು ಅಂದರೆ ತಿನ್ನುತ್ತಲೇ ಇರಬೇಕು. ಚಳಿಗಾಲದ ಮಳೆ ರಾತ್ರಿಯಲ್ಲಿ ಹುಳ ಇಲ್ಲ, ಹೂವಿಲ್ಲ, ಒದ್ದೆ ಮೈಯಲ್ಲಿ ತೇಲಿದರೆ ಇನ್ನೂ ನಷ್ಟ. ಆಗ ಅದು ಲೆಕ್ಕ ಹಾಕಿ ಅಂಗಡಿ ಮುಚ್ಚುತ್ತದೆ. ಮಾಮೂಲಿ ಮೈಬಿಸಿ 36 ಡಿಗ್ರಿ ಆಸುಪಾಸು. ಜಡನಿದ್ದೆಯಲ್ಲಿ ಅದು 10, 11 ಡಿಗ್ರಿವರೆಗೂ ಇಳಿದದ್ದು ಉಂಟು. ಉಸಿರು, ಎದೆಬಡಿತ ಎಲ್ಲ ಕಣ್ಣಿಗೆ ಕಾಣದಷ್ಟು ನಿಧಾನ. ಅರ್ಧ ದಿನ ಹಾಗೇ ಇರಬಲ್ಲದು. ಆಮೇಲೆ ತಾನೇ ನಡುಗಿ ನಡುಗಿ ಬಿಸಿ ಮಾಡಿಕೊಂಡು ಏಳುತ್ತದೆ. ನೀವು ಕಂಡ ಗಡಗಡ ಅದೇ. ಬಿಸಿಲಿಗೆ ಇಟ್ಟಿದ್ದು ಪುಣ್ಯ, ಗುಂಡಿ ನಿಧಾನವಾಗಿ ತೋಡಿದ್ದು ಅದಕ್ಕಿಂತ ಪುಣ್ಯ.

ಮಾಮೂಲಿ ಚಳಿಗೆ ಅದರ ಮೊದಲ ಉಪಾಯ ಜಡನಿದ್ದೆಯಲ್ಲ, ಒತ್ತೊತ್ತಾಗಿ ಮಲಗುವುದು. ಒಂದು ಪೊಟರೆಯಲ್ಲಿ ಏಳರವರೆಗೂ ದೊಡ್ಡವು, ಜೊತೆಗೆ ಮರಿಗಳು. ಎಲೆಯನ್ನು ಬಾಲದಲ್ಲಿ ಸುರುಳಿ ಸುತ್ತಿ ಹೊತ್ತು ತಂದು ಹಾಸುತ್ತವೆ. ನಿಮ್ಮದು ಒಂದೇ ಇತ್ತು ಅಂದರೆ ಉಳಿದವು ಪೆಟ್ಟಿಗೆ ಬಿದ್ದಾಗ ಓಡಿರಬೇಕು.

ಈಗ ತಪ್ಪುಗಳು. ಹೇರ್ ಡ್ರೈಯರ್ ತಪ್ಪು, ಆ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಮುಳ್ಳುತಂತಿಗೆ ಸಿಕ್ಕಿ ಬಂದವನ್ನು ದೀಪಕ್ಕೆ ಹಿಡಿದು ಹೊಲಿದಿದ್ದೇನೆ. ಒಳಗಿನ ರಕ್ತನಾಳ ಎಲೆಯ ನರದ ಹಾಗೆ ಒಂದೊಂದಾಗಿ ಎಣಿಸಬಹುದು. ಸಕ್ಕರೆ ನೀರು ದೊಡ್ಡ ತಪ್ಪು, ತಣ್ಣಗಿರುವ ಪ್ರಾಣಿ ನುಂಗಲಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಹಗಲಲ್ಲಿ ಬಿಟ್ಟಿದ್ದೂ ತಪ್ಪು, ಕೂಕಬುರ್ರಾ ಹಕ್ಕಿ ಹಿಡಿದು ತಿನ್ನುತ್ತದೆ. ನಿಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ ಇದಕ್ಕೆ ವೈರ್ಸ್ ಅನ್ನುವ ಕಾಡುಪ್ರಾಣಿ ರಕ್ಷಣಾ ಸಂಸ್ಥೆಯ ಸ್ವಯಂಸೇವಕರಿದ್ದಾರೆ. ಮುಂದಿನ ಸಲ ಡಬ್ಬಿಯಲ್ಲಿ ಬಟ್ಟೆ ಹಾಕಿ, ಕತ್ತಲ ಕೋಣೆಯಲ್ಲಿ ಇಟ್ಟು ಅವರಿಗೆ ಫೋನ್ ಮಾಡಿ. ಪೆಟ್ಟಿಗೆಯನ್ನು ಇವತ್ತೇ ಮತ್ತೆ ಮರಕ್ಕೆ ಕಟ್ಟಿ.

ಸಾಕಿರುವವರೆಲ್ಲ ಇದನ್ನು ಓದಿ "ನಮ್ಮದೂ ಜಡನಿದ್ದೆ" ಅಂತ ಸುಮ್ನೆ ಕೂರಬೇಡಿ. ಬೆಚ್ಚಗಿನ ಮನೆಯಲ್ಲಿ, ತಟ್ಟೆ ತುಂಬ ಊಟ ಇರುವಾಗ ಗ್ಲೈಡರ್ ತಣ್ಣಗೆ ಮೆತ್ತಗೆ ಬಿದ್ದಿದ್ದರೆ ಅದು ಕಾಯಿಲೆ. ಆಸ್ಪತ್ರೆಗೆ ಹೋಗಿ.

ಪ್ರಾಣಿಪ್ರೇಮಿ ಮೈಸೂರು: ಎಂಥ ಮುದ್ದು ಜೀವ! ಒಂದು ಹುಳವನ್ನೂ ನೋಯಿಸದ ಪ್ರಾಣಿ.

ಹೋಬಾರ್ಟ್ ವಾಸಿ: ಹುಳವನ್ನು ನೋಯಿಸುವುದಿಲ್ಲ, ತಿನ್ನುತ್ತೆ. ಮೇಲೆ ಡಾಕ್ಟರ್ ಬರೆದಿದ್ದಾರೆ. ನಮ್ಮ ಟಾಸ್ಮೇನಿಯಾಗೆ ಬಂದು ನೋಡಿ. ಗ್ಲೈಡರ್ ಇಲ್ಲಿಯದಲ್ಲ, 19ನೇ ಶತಮಾನದಲ್ಲಿ ಜನ ತಂದು ಬಿಟ್ಟಿದ್ದು. ಸ್ವಿಫ್ಟ್ ಪ್ಯಾರಟ್ ಅಂತ ಒಂದು ಹಸಿರು ಗಿಳಿ ಇದೆ, ಅಳಿವಿನ ಅಂಚಿನಲ್ಲಿ. ಪೊಟರೆಯಲ್ಲಿ ಮೊಟ್ಟೆ ಇಟ್ಟು ಕಾವು ಕೊಡುತ್ತೆ. ರಾತ್ರಿ ನಿಮ್ಮ ಮುದ್ದು ಜೀವ ಒಳಗೆ ನುಗ್ಗಿ ಮೊಟ್ಟೆ, ಮರಿ, ಕಾವು ಕೂತ ತಾಯಿ ಎಲ್ಲವನ್ನೂ ಮುಗಿಸುತ್ತೆ. ಗ್ಲೈಡರ್ ಇಲ್ಲದ ಬ್ರೂನಿ ದ್ವೀಪದಲ್ಲಿ ಅದೇ ಗಿಳಿಗೆ ಈ ಕಾಟ ಇಲ್ಲ.

ಪ್ರಾಣಿಪ್ರೇಮಿ ಮೈಸೂರು: ಸುಳ್ಳು. ಹೂವಿನ ರಸ ಕುಡಿಯುವ ಪ್ರಾಣಿ ಗಿಳಿ ತಿನ್ನುತ್ತದಾ? ಮರ ಕಡಿಯುವವರ ತಪ್ಪನ್ನು ಪಾಪದ ಪ್ರಾಣಿಯ ಮೇಲೆ ಹಾಕುತ್ತಿದ್ದೀರಿ.

ಹೋಬಾರ್ಟ್ ವಾಸಿ: ಮರ ಕಡಿಯುವುದೂ ಕಾರಣವೇ, ನಾನು ಇಲ್ಲ ಅಂದೆನಾ? ಪೊಟರೆ ಇರುವ ಹಳೇ ಮರ ಕಡಿಮೆಯಾದಷ್ಟೂ ಇಬ್ಬರೂ ಒಂದೇ ಪೊಟರೆಗೆ ಬರುತ್ತಾರೆ. ಮೈಸೂರಲ್ಲಿ ಕೂತು ನನಗೆ ಸುಳ್ಳು ಅನ್ನಬೇಡಿ.

ಶಿರಸಿ ಮಾಣಿ: ನಮ್ಮ ಮನೆ ಬೆಕ್ಕೂ ಹಾಲು ಕುಡಿಯುತ್ತದೆ. ಅಂತ ಇಲಿ ಬಿಡುತ್ತದಾ?

ಪ್ರಾಣಿಪ್ರೇಮಿ ಮೈಸೂರು: ನಿಮ್ಮನ್ನು ಯಾರು ಕೇಳಿದರು?

ತುಮಕೂರು ಹಿರಿಯರು: ಎಲ್ಲರೂ ಶಾಂತವಾಗಿರಿ. ಪ್ರಾಣಿಗಳ ನರದೌರ್ಬಲ್ಯಕ್ಕೆ ಈರುಳ್ಳಿ ರಸ, ಬೆಳ್ಳುಳ್ಳಿ, ಜೇನು. ನಿನ್ನೆ ಬಂದ ಸಂದೇಶ, ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಈರುಳ್ಳಿ ಬೆಳ್ಳುಳ್ಳಿ ಯಾವ ಸಾಕುಪ್ರಾಣಿಗೂ ಬೇಡ. ಕೆಂಪು ರಕ್ತಕಣ ಒಡೆಯುವ ವಸ್ತು ಅದು. ಅಡ್ಮಿನ್, ಆ ಸಂದೇಶ ಅಳಿಸಿ. ಗಿಳಿಯ ವಿಷಯದಲ್ಲಿ ಹೋಬಾರ್ಟಿನವರು ಬರೆದದ್ದು ಸರಿ. ಮುಗಿಯಿತು, ಮುಂದೆ ಹೋಗೋಣ.

ಪ್ರಾಣಿಪ್ರೇಮಿ ಮೈಸೂರು: ಡಾಕ್ಟರ್ ಆಗಿ ನೀವೂ ಪ್ರಾಣಿಯ ವಿರುದ್ಧ ಮಾತಾಡಿದ್ದು ಬೇಸರ ತಂದಿತು.

ಅಡ್ಮಿನ್: ಮೂರನೇ ನಿಯಮ ನೆನಪಿಸುತ್ತಿದ್ದೇನೆ. ಹಿರಿಯರೇ, ನಿಮ್ಮ ಸಂದೇಶ ತೆಗೆದಿದ್ದೇನೆ, ಬೇಜಾರಾಗಬೇಡಿ.

ನ್ಯೂಜೆರ್ಸಿ ನಾಗು: ನನ್ನ ಗ್ಲೈಡರ್ ತಲೆ ಮೇಲೆ ಬೋಳು. ಏನು ಹಚ್ಚಲಿ?

ಡಾಕ್ಟರ್: ಮೇಲೆ ಓದಿ.

ಕಾರವಾರ ಕಡಲು: ಬೋಳು ಇರುವುದು ಎದೆಯ ಮೇಲೆ. ಇದು ಬೇರೆ ಅಲ್ವಾ?

ಡಾಕ್ಟರ್: ಮೇಲೆ. ಓದಿ.

ರಾಲಿ ರಾಯಚೂರು: ಮೇಡಂ, ನನ್ನದು ಒಂದೇ ಇದೆ. ದಿನಾ ಜೇಬಿನಲ್ಲಿ ಹಾಕಿಕೊಂಡು ಆಫೀಸಿಗೆ ಹೋಗುತ್ತೇನೆ, ಚೆನ್ನಾಗಿ ಹೊಂದಿಕೊಂಡಿದೆ. ಈಚೆಗೆ ಬಾಲದ ತುದಿ ಕಚ್ಚಿಕೊಳ್ಳುತ್ತಿದೆ. ಕೂದಲು ಹೋಗಿ ಸ್ವಲ್ಪ ರಕ್ತ.

ಡಾಕ್ಟರ್: ಒಂದೇ ಸಲ ಹೇಳುತ್ತೇನೆ ಅಂದಿದ್ದೆ, ಆಗಲಿಲ್ಲ. ಒಂಟಿಯಾಗಿ ಇಟ್ಟ ಗ್ಲೈಡರ್ ತನ್ನ ಮೈಯನ್ನೇ ಕಚ್ಚಿಕೊಳ್ಳುವುದುಂಟು. ಬಾಲದಿಂದ ಶುರುವಾಗುತ್ತದೆ, ಅಲ್ಲಿಗೇ ನಿಲ್ಲುವುದಿಲ್ಲ. ನೀವು ಮಲಗುವ ಹೊತ್ತಿಗೆ ಅದರ ದಿನ ಶುರು. ಆಗ ಅದಕ್ಕೆ ಯಾರಿದ್ದಾರೆ? ನೋವು, ಸೋಂಕು ಇದ್ದರೂ ಕಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲು ವೈದ್ಯರು, ಕೊರಳಪಟ್ಟಿ, ನೋವಿಗೆ ಔಷಧಿ. ನಿಮ್ಮ ಪ್ಯಾರಾಸಿಟಮಾಲ್ ಅಲ್ಲ! ಆಮೇಲೆ ಜೊತೆ. ನೇರ ಒಂದೇ ಪಂಜರಕ್ಕೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಪಂಜರ ಅಕ್ಕಪಕ್ಕ ಇಟ್ಟು, ಮಲಗುವ ಬಟ್ಟೆಚೀಲ ಅದಲುಬದಲು ಮಾಡಿ, ವಾಸನೆ ಒಂದಾದ ಮೇಲೆ. ಚೆನ್ನಾಗಿ ನೋಡಿಕೊಂಡರೆ ಇದು 10, 12 ವರ್ಷ ಬದುಕುತ್ತದೆ. ಅಷ್ಟು ವರ್ಷ ಜೇಬಲ್ಲಾ?

ರಾಲಿ ರಾಯಚೂರು: ಸ್ವಲ್ಪ ಮೆತ್ತಗೆ ಹೇಳಬಹುದಿತ್ತು.

ಡಾಕ್ಟರ್: ಹೌದು. ಸೋಮವಾರ ಕಾಯಬೇಡಿ.

ಹ್ಯೂಸ್ಟನ್ ಹಾವೇರಿ: ಮೇಡಂ, ಹಚ್ಚಿದ ಬೇವಿನೆಣ್ಣೆ ತೆಗೆಯಲು ಶಾಂಪೂ ಹಾಕಬಹುದಾ?

ನ್ಯೂಜೆರ್ಸಿ ನಾಗು: ಇದನ್ನು ವಿಮಾನದಲ್ಲಿ ಊರಿಗೆ ತರಬಹುದಾ? ಅಮ್ಮನಿಗೆ ತೋರಿಸಬೇಕು.

ಪ್ರಾಣಿಪ್ರೇಮಿ ಮೈಸೂರು: ಗಿಳಿಯ ವಿಷಯಕ್ಕೆ ಪುರಾವೆ ಏನು ಅಂತ ಇನ್ನೂ ಯಾರೂ ಹೇಳಲಿಲ್ಲ.

ಹೋಬಾರ್ಟ್ ವಾಸಿ: ಗೂಡಿನಲ್ಲಿ ಕ್ಯಾಮೆರಾ ಇಟ್ಟಿದ್ದರು ಸ್ವಾಮಿ. ಗೂಗಲ್ ಮಾಡಿ.

ಬೆಣ್ಣೆದೋಸೆ ಡಲ್ಲಾಸ್: ಮೇಡಂ, ಬಂದೆವು. ಎಕ್ಸ್‌ರೇ ತೆಗೆದರು. ಮೂಳೆಯೆಲ್ಲ ಗಾಜಿನ ಹಾಗೆ ಮಸುಕು ಅಂದರು. ಬಲತೊಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬೆನ್ನುಮೂಳೆ ಸರಿ ಇದೆಯಂತೆ. ಇಂಜೆಕ್ಷನ್ ಆಯಿತು, ನಡುಕ ನಿಂತಿದೆ. ಎಡಗಾಲಿನ ಬೆರಳು ಚಿವುಟಿದಾಗ ಎಳೆದುಕೊಂಡಳು. ಬಲಗಾಲು ಹಾಗೇ ಇದೆ. ಆರು ವಾರ ಅಂದಿದ್ದಾರೆ. ಊಟದ ಪಟ್ಟಿ ಕೊಟ್ಟಿದ್ದಾರೆ. ಹೊಸ ಪಂಜರದ ಫೋಟೋ ಹಾಕಿದ್ದೇನೆ, ಸರಿ ಇದೆಯಾ?

ಡಾಕ್ಟರ್: ಬೆನ್ನುಮೂಳೆ ಉಳಿದದ್ದು ದೊಡ್ಡ ವಿಷಯ. ಎಳೆದುಕೊಂಡಳು ಅಂದರೆ ನರ ಇದೆ. ಮುಂದಿನ ಎಕ್ಸ್‌ರೇ ಯಾವಾಗ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಫೋಟೋ ನೋಡಿದೆ. ಎಡಗಡೆ ಮೂಲೆಯಲ್ಲಿ ಒಂದು ಕೊಂಬೆ ಕಾಣುತ್ತಿದೆ.

ಬೆಣ್ಣೆದೋಸೆ ಡಲ್ಲಾಸ್: ಮಗಳು ಇಟ್ಟಿದ್ದು ಮೇಡಂ. ಚಿನ್ನಿಗೆ ಇಷ್ಟ ಅಂತ.

ಡಾಕ್ಟರ್: ತೆಗೆಯಿರಿ. ಅವಳು ಹತ್ತುತ್ತಾಳೆ.

ಬಸವನಗುಡಿ ಬಾಯ್: ಮೇಡಂ, ರೇಟ್?

ಅಡ್ಮಿನ್: ಮೆಲ್ಬರ್ನ್‌ನಲ್ಲಿ ಈಗ ರಾತ್ರಿ ಒಂದೂವರೆ. ಕಾಮೆಂಟ್ ಮುಚ್ಚುತ್ತಿದ್ದೇನೆ.

ಬೆಣ್ಣೆದೋಸೆ ಡಲ್ಲಾಸ್: ತೆಗೆದೆ ಮೇಡಂ.